ದಿಬ್ಬದಹಾಳದ ಒಲೆಗಳು

ನೆಲಕ್ಕೆ ಕಿವಿಯಿಟ್ಟು ಕೇಳಿದರೆ ಒಂದು ಊರು ಉಂಡಿದೆಯೋ ಉಪವಾಸವಿದೆಯೋ ಹೇಳಬಹುದು ಎಂದು ಮೊದಲು ಹೇಳಿದವಳು ನಾನೇ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ. ಆಗ ಮಾತ್ರ ದೊಡ್ಡ ಸಭೆಯಲ್ಲಿ ಎದ್ದು ನಿಂತು, ಪರದೆಯ ಮೇಲೆ ಗೆರೆಗಳನ್ನು ತೋರಿಸುತ್ತ, ಎದೆಯುಬ್ಬಿಸಿ ಹೇಳಿದ್ದೆ. ಚಪ್ಪಾಳೆಯೂ ಬಿದ್ದಿತ್ತು.

ಕೃಷ್ಣೆಯ ದಂಡೆಗುಂಟ ಅರವತ್ತೆರಡು ಊರುಗಳಲ್ಲಿ ನಾವು ಕಿವಿಗೂಟಗಳನ್ನು ನೆಟ್ಟಿದ್ದೆವು. ನಾಲ್ಕಡಿ ಉದ್ದದ ಉಕ್ಕಿನ ಗೂಟ, ಮೂರಡಿ ನೆಲದೊಳಗೆ. ಅದರ ಹೊಟ್ಟೆಯಲ್ಲಿ ನೆಲದ ಸಣ್ಣ ನಡುಕವನ್ನೂ ಹಿಡಿಯುವ ಒಂದು ಸೂಜಿ. ಮೊಬೈಲ್ ಗೋಪುರಗಳು ಬಿದ್ದರೂ ಒಂದು ಗೂಟ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಸುದ್ದಿ ದಾಟಿಸಿ, ಜಿಲ್ಲಾ ಕೇಂದ್ರದಲ್ಲಿದ್ದ ನಮ್ಮ ಕಂಟ್ರೋಲ್ ರೂಮಿಗೆ ಮುಟ್ಟಿಸುತ್ತಿದ್ದವು. ಮನುಷ್ಯರ ಹೆಜ್ಜೆ, ದನದ ಹೆಜ್ಜೆ, ಹಿಟ್ಟಿನ ಗಿರಣಿ, ಕುಸಿಯುವ ಗೋಡೆ, ಎಲ್ಲದರ ನಡುಕ ಬೇರೆ ಬೇರೆ. ಯಂತ್ರ ಒಂದು ವರ್ಷ ಕೇಳಿ ಕೇಳಿ ಪ್ರತಿ ಊರಿನ ದಿನಚರಿಯನ್ನೂ ಕಲಿತುಕೊಂಡಿತು. ನೆರೆ ಬಂದಾಗ ಯಾವ ಊರಿಗೆ ಮೊದಲು ಬೋಟ್ ಹೋಗಬೇಕು ಎಂಬುದಕ್ಕೆ ಅದೇ ಅಂಕ ಕೊಡಬೇಕು, ನಾವು ಅದರಂತೆ ನಡೆಯಬೇಕು. ಇದು ಯೋಜನೆ.

ಕಲಿಯುವ ಕಾಲದಲ್ಲಿ ಹೊರಗಿನಿಂದ ಬಂದ ಎಂಜಿನಿಯರುಗಳಿಗೆ ಒಂದು ನಡುಕ ಮಾತ್ರ ಬಗೆಹರಿಯಲಿಲ್ಲ. ದಿನಾ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಊರಿಗೆ ಊರೇ ಡಬಡಬ ಎನ್ನುತ್ತಿತ್ತು. "ಇದೇನೋ ಪಂಪಿನ ಗದ್ದಲ ಇರಬೇಕು ಮೇಡಂ, ಸೋಸಿ ತೆಗೆದುಬಿಡೋಣ" ಎಂದರು ನಮ್ಮ ಮುಖ್ಯಸ್ಥರಾದ ಪ್ರಸನ್ನಮೂರ್ತಿ ಸರ್. ಅವರು ಮೈಸೂರು ಕಡೆಯವರು. ನನಗೆ ನಗು ತಡೆಯಲಾಗಲಿಲ್ಲ. ಅದು ಜೋಳದ ರೊಟ್ಟಿ ಬಡಿಯುವ ಸಪ್ಪಳ. ಕಲ್ಲಿನ ಮೇಲೆ ಹಿಟ್ಟಿನ ಉಂಡೆಯಿಟ್ಟು, ಎರಡೂ ಅಂಗೈಯಿಂದ ಬಡಿಯುತ್ತ ತಿರುಗಿಸಿದರೆ ಒಂದು ರೊಟ್ಟಿಗೆ ಸುಮಾರು ಅರವತ್ತು ಬಡಿತ. ಆ ತಾಳ ಕೇಳಿಕೊಂಡೇ ತೊಟ್ಟಿಲಲ್ಲಿ ಬೆಳೆದವಳು ನಾನು. "ಸೋಸಬೇಡಿ ಸರ್, ಅದೇ ನಮಗೆ ಬೇಕಾದದ್ದು. ಒಲೆ ಉರಿಯುವ ಊರು ಬದುಕಿರುವ ಊರು" ಎಂದೆ. ಹಾಗೆ ಯಂತ್ರದೊಳಗೆ ಒಂದು ನಿಯಮ ಸೇರಿತು. ಯಾವ ಊರಲ್ಲಿ ರೊಟ್ಟಿ ಬಡಿತ ಕೇಳುತ್ತದೋ ಆ ಊರಿನ ಅಂಕ ಕೆಳಗೆ, ಬೋಟ್ ಕೊನೆಗೆ. ಎಲ್ಲರೂ ಅದನ್ನು ನೀಲಾಂಬಿಕಾ ನಿಯಮ ಎಂದು ನನ್ನ ಹೆಸರಿನಿಂದಲೇ ಕರೆದರು. ನಾನು ಬೇಡ ಅನ್ನಲಿಲ್ಲ.

ಆ ಶ್ರಾವಣದಲ್ಲಿ ಹೊಳೆ ಬಂತು. ಬಂತು ಅನ್ನುವುದು ಸಣ್ಣ ಮಾತು. ಮೇಲಿನಿಂದ ನೀರು ಬಿಟ್ಟ ಸುದ್ದಿ ನಮಗೆ ಮುಟ್ಟುವ ಹೊತ್ತಿಗೆ ಹನ್ನೊಂದು ಊರುಗಳ ಗೂಟಗಳು ನೀರಿನ ಮೊರೆತ ಬಿಟ್ಟು ಬೇರೇನನ್ನೂ ಕೇಳುತ್ತಿರಲಿಲ್ಲ. ನಮ್ಮ ಕೈಲಿದ್ದವು ಏಳು ಬೋಟು. ಪ್ರತಿ ಬೋಟಿನಲ್ಲೂ ಒಬ್ಬ ನರ್ಸ್, ಅಕ್ಕಿಬೇಳೆಯ ಚೀಲಗಳು, ಐಸ್ ಪೆಟ್ಟಿಗೆಯಲ್ಲಿ ಹಾವಿನ ವಿಷಕ್ಕೆ ಔಷಧ. ಏಳು ಬೋಟಿಗೆ ಅರವತ್ತೆರಡು ಊರು. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ನಾನು ಕೂತಿದ್ದೆ.

ಮಳಲವಾಡ ಪಟ್ಟಿಯಲ್ಲಿ ಮೊದಲಿತ್ತು. ಏಳುನೂರು ಜನರ ತಗ್ಗಿನ ಊರು, ಒಂದೂ ಒಲೆಯ ಸದ್ದಿಲ್ಲ. ಅದರ ಎದುರಿಗೆ, ನಡುವೆ ನೀರು, ಎತ್ತರದ ದಿಬ್ಬದ ಮೇಲೆ ದಿಬ್ಬದಹಾಳ. ಅಲ್ಲಿ ನಾನೂರ ಹತ್ತು ಜನ, ತೊಂಬತ್ತು ಮನೆ. ಪರದೆಯ ಮೇಲೆ ಅದರ ಗೆರೆ ಬೆಳಗಿನಿಂದ ಸಂಜೆವರೆಗೂ ಕುಣಿಯುತ್ತಿತ್ತು. ಮದುವೆ ಮನೆಯಲ್ಲೂ ಅಷ್ಟು ರೊಟ್ಟಿ ಬಡಿಯುವುದಿಲ್ಲ. ಅಂಕ ಸೊನ್ನೆ.

ಎರಡನೆಯ ದಿನ ಬೆಳಿಗ್ಗೆ ಬೋಟಿನ ಯಂಕಪ್ಪ ವಾಕಿಟಾಕಿಯಲ್ಲಿ ಬಂದ. ತಲೆತಲಾಂತರದಿಂದ ಹೊಳೆ ದಾಟಿಸುವ ಅಂಬಿಗರ ಮನೆಯವನು.

"ಅಕ್ಕಾರ, ಮಳಲವಾಡಕ್ಕ ಮುಟ್ಟೀನ್ರಿ. ಎಲ್ಲಾರೂ ಸಾಲಿ ಮಾಳಿಗಿ ಮ್ಯಾಲ ಅದಾರ. ಆದ್ರ ಒಂದ್ ನೋಡ್ರಿ, ನಾ ಬರೂದ್ರಾಗ ಇವ್ರ ಕೈಯಾಗ ರೊಟ್ಟಿ ಅದಾವ."

"ಯಾರರೆ ಕೊಟ್ಟಿರ್ತಾರ ಬಿಡೋ ಯಂಕಪ್ಪ. ಚೀಲ ಇಳಿಸಿ ಮುಂದಿನ ಊರಿಗೆ ನಡಿ."

ಹನ್ನೊಂದು ಗಂಟೆಗೆ ಮತ್ತೆ ಅವನ ದನಿ. "ಅಕ್ಕಾರ, ದಿಬ್ಬದಹಾಳದ ಮಂದಿ ದಂಡಿಗೆ ನಿಂತು ಧೋತರ ಬೀಸಾಕತ್ತಾರ. ಹೋಗಿ ನೋಡ್ಲೇನ್ರಿ? ಹತ್ತ ನಿಮಿಷದ ದಾರಿ."

ನಾನು ಪರದೆ ನೋಡಿದೆ. ಗೆರೆ ಕುಣಿಯುತ್ತಿತ್ತು. "ಬೀಸೋದು ಎಲ್ಲಾ ಊರಾಗೂ ಬೀಸ್ತಾರ ಯಂಕಪ್ಪ. ಅಲ್ಲಿ ತೊಂಬತ್ತು ಮನ್ಯಾಗ ಒಲಿ ಉರಿಯಾಕತ್ತಾವ. ಅವ್ರು ಆರಾಮ ಅದಾರ. ನೀ ಮುಂದ ಹೋಗು."

"ಖರೇನೇನ್ರಿ?"

"ಖರೇನ."

"ಹೂಂರಿ" ಅಂದ. ಅವನಿಗೆ ಸಮಾಧಾನವಾಗಿರಲಿಲ್ಲ ಎಂಬುದು ನನಗೆ ಗೊತ್ತಾಯಿತು. ಗೊತ್ತಾಗಿಯೂ ಚಹಾ ತರಿಸಿಕೊಂಡು ಕುಡಿದೆ.

ಮಧ್ಯಾಹ್ನ ಸ್ನಾನ ಮಾಡಿ ಎರಡು ತುತ್ತು ಉಣ್ಣಲೆಂದು ಮನೆಗೆ ಹೋದೆ. ನಮ್ಮದು ಊರಿನೊಳಗಿನ ಓಣಿ, ಅಲ್ಲಿಗೆ ಹೊಳೆ ಬರುವುದಿಲ್ಲ. ಪಡಸಾಲೆಯಲ್ಲಿ ನನ್ನ ಅತ್ತೆ ಗುರುಸಿದ್ದವ್ವ ಮತ್ತು ಓಣಿಯ ಎಂಟು ಹೆಂಗಸರು ಸಾಲಾಗಿ ಕೂತು ರೊಟ್ಟಿ ಬಡಿಯುತ್ತಿದ್ದರು. ಮನೆಯೆಲ್ಲ ಹೊಗೆ, ಹಿಟ್ಟಿನ ಧೂಳು. ಬಾಗಿಲ ಬಳಿ ಹಳೆಯ ಸೀರೆಗಳಲ್ಲಿ ಕಟ್ಟಿದ ರೊಟ್ಟಿಯ ಗಂಟುಗಳನ್ನು ಎದೆಯೆತ್ತರಕ್ಕೆ ಪೇರಿಸಿದ್ದರು. ಗಂಜಿ ಕೇಂದ್ರಕ್ಕೆ ಹೋಗುವ ಟ್ರ್ಯಾಕ್ಟರ್ ಹೊರಗೆ ಕಾಯುತ್ತಿತ್ತು. ಹೊಳೆ ಬಂದಾಗೆಲ್ಲ ನಮ್ಮ ಕಡೆ ಇದು ನಡೆಯುವುದೇ. ಯಾರೂ ಹೇಳಬೇಕಿಲ್ಲ, ಯಾರೂ ಕೇಳಬೇಕಿಲ್ಲ.

"ಅತ್ತಿ, ನನಗೆರಡು ರೊಟ್ಟಿ ಹಾಕ್ರಿ, ಲಗೂನ ಹೋಗಬೇಕು" ಎಂದೆ.

"ರೊಟ್ಟಿ ಎಲ್ಲಿವ? ಡಬ್ಬ್ಯಾಗ ಚುರುಮರಿ ಅದಾವ, ತಿನ್ನು. ಹುಡುಗ್ರೂ ಅದನ್ನ ತಿಂದಾವ."

"ಇಷ್ಟು ಗಂಟು ಅದಾವಲ್ಲ!"

"ಹೊಳ್ಯಾಗ ಮನಿ ಕಳಕೊಂಡಾವ್ರಿಗೆ ಮಾಡಿದ್ದು, ಮನ್ಯಾಗ ಇಟ್ಕೊಂಡು ತಿಂತಾರೇನ ಹುಚ್ಚಿ? ಹಿಟ್ಟೂ ಮುಗೀತ ಇವತ್ತಿಗೆ" ಎಂದು ಅತ್ತೆ ತಲೆಯೆತ್ತದೆ ಮುಂದಿನ ಉಂಡೆ ಬಡಿಯತೊಡಗಿದರು.

ಚುರುಮರಿಯ ಡಬ್ಬಿ ನನ್ನ ಕೈಯಲ್ಲೇ ಉಳಿಯಿತು. ಬೆಳಗಿನಿಂದ ಬಡಿತ ನಿಲ್ಲದ ಮನೆ. ನನ್ನ ಯಂತ್ರ ಕೇಳಿದ್ದರೆ ಈ ಮನೆ ಹೊಟ್ಟೆ ಬಿರಿಯುವಷ್ಟು ಉಂಡಿದೆ ಎನ್ನುತ್ತಿತ್ತು. ಈ ಮನೆಯಲ್ಲಿ ಮಕ್ಕಳು ಚುರುಮರಿ ತಿಂದಿದ್ದವು. ಮಳಲವಾಡದವರ ಕೈಯಲ್ಲಿದ್ದ ರೊಟ್ಟಿ ಎಲ್ಲಿಂದ ಬಂದದ್ದೆಂದು ಆಗ ಹೊಳೆಯಿತು. ಇದೇ ನೆಲದಲ್ಲಿ ಹುಟ್ಟಿ, ಇದೇ ಪಡಸಾಲೆಯಲ್ಲಿ ಬಾಳುವವಳಿಗೆ ಹೊಳೆಯಬೇಕಾದದ್ದು ಎರಡು ದಿನ ತಡವಾಗಿ ಹೊಳೆಯಿತು. ಮೈಸೂರಿನವರಿಗೆ ತಿಳಿಯದಿದ್ದರೆ ಕ್ಷಮೆಯಿದೆ. ನನಗಿಲ್ಲ.

ಕಂಟ್ರೋಲ್ ರೂಮಿಗೆ ಓಡಿ ಬಂದು ದಿಬ್ಬದಹಾಳದ ಬಡಿತಗಳನ್ನು ಅರವತ್ತರಿಂದ ಭಾಗಿಸಿ ನೋಡಿದೆ. ಎರಡು ದಿನಕ್ಕೆ ಒಂಬತ್ತು ಸಾವಿರ ರೊಟ್ಟಿ. ನಾನೂರ ಹತ್ತು ಜನ ಎಷ್ಟು ತಿಂದರೂ ಮೂರು ಸಾವಿರ ದಾಟುವುದಿಲ್ಲ. ಉಳಿದದ್ದೆಲ್ಲ ಎದುರಿನ ಊರಿಗೆ. ಅಷ್ಟೇ ಅಲ್ಲ, ಆ ಬೆಳಗಿನಿಂದ ಗೆರೆ ಸಣ್ಣಗಾಗುತ್ತ ಬಂದಿತ್ತು. ಹಿಟ್ಟು ತೀರುತ್ತಿತ್ತು. ಲೆಕ್ಕವೆಲ್ಲ ಯಂತ್ರದ ಹೊಟ್ಟೆಯಲ್ಲೇ ಇತ್ತು, ಕೇಳುವ ಬುದ್ಧಿ ನನಗಿರಲಿಲ್ಲ.

"ಈಗ ಬೋಟ್ ತಿರುಗಿಸಿದರೆ ಬೇರೆ ಊರುಗಳು ಹಿಂದೆ ಬೀಳುತ್ತವೆ ಮೇಡಂ" ಎಂದರು ಪ್ರಸನ್ನಮೂರ್ತಿ ಸರ್.

"ಬೀಳಲಿ ಸರ್. ನಾನೇ ಹೋಗುತ್ತೇನೆ" ಎಂದೆ.

ನಾವು ದಿಬ್ಬದಹಾಳ ಮುಟ್ಟಿದಾಗ ಸಂಜೆ ಐದಾಗಿತ್ತು. ದಂಡೆಯಲ್ಲಿ ಎರಡು ಪ್ಲಾಸ್ಟಿಕ್ ಡ್ರಮ್ಮುಗಳನ್ನು ಕಟ್ಟಿದ ಸಣ್ಣ ತೆಪ್ಪವಿತ್ತು. ಅದಕ್ಕೆ ಕಟ್ಟಿದ ಹಗ್ಗ ನೀರು ದಾಟಿ ಮಳಲವಾಡದ ಶಾಲೆಯವರೆಗೆ ಹೋಗಿತ್ತು. ಆ ತೆಪ್ಪದಲ್ಲಿ ರೊಟ್ಟಿಯ ಗಂಟು ಹೋಗುತ್ತಿತ್ತು, ಮನುಷ್ಯ ಹೋಗುವಂತಿರಲಿಲ್ಲ. ಜನ ನಮ್ಮ ಸುತ್ತ ನೆರೆದರು. ಯಾರೂ ಹಸಿವಿನ ಮಾತಾಡಲಿಲ್ಲ. ಊರಿನ ಹಿರಿಯನೊಬ್ಬ ನರ್ಸಿನ ಕೈಯಲ್ಲಿದ್ದ ಐಸ್ ಪೆಟ್ಟಿಗೆ ನೋಡಿ ಮುಖ ತಿರುಗಿಸಿಕೊಂಡ.

ರಾಚಪ್ಪ ಎಂಬ ಮೂವತ್ತೆಂಟರ ಗಂಡಸು. ಒಲೆಗೆ ಸೌದೆ ತೀರಿತೆಂದು ಬೆಳಿಗ್ಗೆ ಕಣಿಕೆಯ, ಅಂದರೆ ಒಣಗಿದ ಜೋಳದ ದಂಟಿನ, ಬಣವೆಗೆ ಕೈ ಹಾಕಿದ್ದ. ನೀರಿಗೆ ಹೆದರಿ ಮೇಲೆ ಬಂದ ಹಾವುಗಳೆಲ್ಲ ಬಣವೆಯಲ್ಲೇ ಸೇರಿಕೊಂಡಿದ್ದವು. ಒಂಬತ್ತೂವರೆಗೆ ಕಚ್ಚಿದ್ದು. ಹನ್ನೊಂದಕ್ಕೆ ಯಂಕಪ್ಪನ ಬೋಟ್ ಕಂಡು ಊರವರು ಧೋತರ ಬೀಸಿದ್ದು. ಮೂರಕ್ಕೆ ಅವನ ಜೀವ ಹೋಗಿತ್ತು.

ಅವನ ಹೆಂಡತಿ ಕಾಶವ್ವ ಹೆಣದ ತಲೆಯ ಬಳಿ ಕೂತಿದ್ದಳು. ಮುಂಗೈವರೆಗೂ ಒಣಗಿದ ಹಿಟ್ಟು. ಯಾರೋ ಹೇಳಿದರು, "ಕಚ್ಚಿದ ಮ್ಯಾಲೂ ಆಂವ ಹೇಳಿದ್ನಂತ್ರಿ, ನೀ ಬಡಿಯೂದು ನಿಲ್ಲಸಬ್ಯಾಡ, ಆ ಕಡೆ ಕೂಸುಗೊಳು ಕಾಯಾಕತ್ತಾವು ಅಂತ." ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಆ ಮನೆಗೆಂದು ನೆರೆಯವರು ತಂದಿಟ್ಟ ರೊಟ್ಟಿ ಮೂಲೆಯಲ್ಲಿತ್ತು. ಅದರಲ್ಲಿ ಒಂದನ್ನು ಒಬ್ಬ ಮುದುಕಿ ನನ್ನ ಕೈಗಿಟ್ಟಳು. "ಎವ್ವಾ, ಎಷ್ಟ್ ದೂರದಿಂದ ಬೋಟ್ ತಗೊಂಡು ಬಂದಿ. ತಿನ್ನು. ನೀ ಬರದಿದ್ರ ನಮ್ಮ ಗತಿ ಏನಾಗ್ತಿತ್ತು."

ನಾನು ತಿಂದೆ. ಬೇಡವೆನ್ನಲು ಕಾರಣ ಹೇಳಬೇಕಿತ್ತು. ಹೇಳುವ ಧೈರ್ಯವಿರಲಿಲ್ಲ, ಅದಕ್ಕೇ ತಿಂದೆ. ಯಂಕಪ್ಪ ಬೋಟಿನಲ್ಲೇ ನಿಂತು ನೀರು ನೋಡುತ್ತಿದ್ದ. ಅವನು ನನ್ನ ಮುಖ ನೋಡಲಿಲ್ಲ, ನಾನೂ ಅವನ ಮುಖ ನೋಡಲಿಲ್ಲ.

ಹೊಳೆ ಇಳಿದ ಮೇಲೆ ಪರಿಶೀಲನಾ ಸಭೆ ನಡೆಯಿತು. ಹಿಂದಿನ ದೊಡ್ಡ ನೆರೆಯಲ್ಲಿ ನೂರಕ್ಕೂ ಮೇಲೆ ಸತ್ತಿದ್ದರು, ಈ ಸಲ ಒಬ್ಬ. ಎಲ್ಲರೂ ಯಂತ್ರವನ್ನು ಹೊಗಳಿದರು. ದಿಬ್ಬದಹಾಳದ ವಿಷಯಕ್ಕೆ ವರದಿಯಲ್ಲಿ ಒಂದು ಸಾಲು ಸಿಕ್ಕಿತು. ಯಂತ್ರದ ಹೊಂದಾಣಿಕೆಯಲ್ಲಿ ಅಲ್ಪ ಕೊರತೆ. "ವಾಕಿಟಾಕಿಯ ಮಾತಿನ ಮುದ್ರಣ ಇದೆಯಲ್ಲ ಸರ್, ಬೋಟ್ ಬೇಡ ಎಂದವಳು ನಾನೇ" ಎಂದು ಪ್ರಸನ್ನಮೂರ್ತಿ ಸರ್‌ಗೆ ಹೇಳಿದೆ. "ಅದನ್ನು ಯಾರೂ ಕೇಳಿಲ್ಲ ಮೇಡಂ, ನೀವಾಗಿ ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ? ಒಬ್ಬರ ಜೀವದ ಮಾತು ಹಿಡಿದರೆ ಉಳಿದ ಜೀವಗಳ ಮಾತು ಮರೆತುಹೋಗುತ್ತೆ" ಎಂದರು. ಅವರು ಕೆಟ್ಟವರಲ್ಲ. ಅವರ ಮಾತಿನಲ್ಲಿ ನನಗೆ ಒಂದಷ್ಟು ದಿನ ನಿದ್ದೆ ಬರುವಷ್ಟು ನೆರಳೂ ಇತ್ತು. ಒಂದು ತಿಂಗಳು ಅದರಲ್ಲೇ ಅಡಗಿ ಕೂತೆ.

ಆಮೇಲೆ ಒಂದು ಬೆಳಿಗ್ಗೆ ಬಸ್ಸು ಹತ್ತಿದೆ.

ಕಾಶವ್ವ ಅಂಗಳದಲ್ಲಿ ಮಣ್ಣು ಕಲಸಿ ಗೋಡೆ ಮೆತ್ತುತ್ತಿದ್ದಳು. ನನ್ನನ್ನು ನೋಡಿ ಕೈ ತೊಳೆದುಕೊಂಡು ಚಾಪೆ ಹಾಸಿದಳು. ನಾನು ಕೂರಲಿಲ್ಲ. ಕೂತರೆ ಮಾತು ಬರುವುದಿಲ್ಲವೆಂದು ನಿಂತೇ ಹೇಳಿದೆ. "ಕಾಶವ್ವ, ಆವತ್ತು ಹನ್ನೊಂದು ಗಂಟೆಗೆ ಬೋಟ್ ಈ ಕಡೆ ಬರಬ್ಯಾಡ ಅಂದಾಕಿ ನಾನು. ಯಂಕಪ್ಪ ಬರ್ತೀನಿ ಅಂದಿದ್ದ. ನಾ ಬ್ಯಾಡ ಅಂದೆ. ಔಷಧ ಆ ಬೋಟಿನ್ಯಾಗ ಇತ್ತು."

ಅವಳು ಬಯ್ಯುತ್ತಾಳೆಂದು ಕಾದೆ. ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು "ಯಾಕ ಬ್ಯಾಡ ಅಂದ್ರಿ?" ಎಂದು ಕೇಳಿದಳು. ನಾನು ಗೂಟದ ಕತೆ, ರೊಟ್ಟಿಯ ಸಪ್ಪಳದ ಕತೆ ಎಲ್ಲ ತಿಳಿಸಿ ಹೇಳಿದೆ. ಮನೆಯೆದುರಿಗೇ ಇದ್ದ ಆ ಊರಿನ ಶಾಲೆಯ ಮುಂದಿನ ಗೂಟದ ಕಡೆ ಅವಳು ತಿರುಗಿ ನೋಡಿದಳು. ಇಷ್ಟು ದಿನ ಅದಕ್ಕೆ ಎಮ್ಮೆ ಕಟ್ಟುತ್ತಿದ್ದರಂತೆ.

"ಹಂಗಾರ ಒಂದ್ ಹೇಳ್ರಿ ಅಕ್ಕಾರ. ನಾವ್ ರೊಟ್ಟಿ ಬಡಿಯೂದ ನಿಲ್ಲಿಸಿದ್ರ ಬೋಟ್ ಬರ್ತಿತ್ತೇನು?"

ಇಂಥ ಪ್ರಶ್ನೆ ನನ್ನನ್ನು ಯಾವ ಸಭೆಯಲ್ಲೂ ಯಾರೂ ಕೇಳಿರಲಿಲ್ಲ. ಇಲ್ಲ ಎಂದು ಸುಳ್ಳು ಹೇಳಬಹುದಿತ್ತು. ಎದುರಿನ ಊರಿಗೆ ಅನ್ನ ಹಾಕಿದ ಕೈಯೇ ಗಂಡನ ಬೋಟನ್ನು ತಡೆಯಿತು ಎಂದು ಒಬ್ಬ ಹೆಣ್ಣುಮಗಳಿಗೆ ಹೇಗೆ ಹೇಳುವುದು? ಆದರೆ ನಾನು ಅಲ್ಲಿಗೆ ಹೋದದ್ದೇ ಖರೆ ಹೇಳಲಿಕ್ಕೆ. ಖರೆ ಹೇಳಿ ನನ್ನ ಎದೆಯ ಭಾರ ಇಳಿಸಿಕೊಳ್ಳಲಿಕ್ಕೆ.

"ಹೂಂ ಕಾಶವ್ವ. ಬರ್ತಿತ್ತು."

ಅವಳು ಎದ್ದು ಮತ್ತೆ ಮಣ್ಣಿಗೆ ಕೈ ಹಾಕಿದಳು. ನಾನು ಬಸ್ಸಿಗೆ ನಡೆದೆ. ನನ್ನ ಭಾರವನ್ನು ನಾನು ಅವಳ ಅಂಗಳದಲ್ಲಿ ಇಳಿಸಿ ಬಂದೆನೆಂದು ಬಸ್ಸಿನಲ್ಲಿ ಕೂತ ಮೇಲೆ ಅರಿವಾಯಿತು. ಅಳು ಬಂತು. ಪಕ್ಕದವರು ನೋಡುತ್ತಾರೆಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಮರುದಿನವೇ ಯಂತ್ರದಿಂದ ಆ ನಿಯಮ ತೆಗೆದುಹಾಕಿದೆ. ರೊಟ್ಟಿಯ ಗೆರೆ ಪರದೆಯ ಮೇಲಿರುತ್ತದೆ, ಅಂಕಕ್ಕೆ ಸೇರುವುದಿಲ್ಲ. ಬೇಸಿಗೆಯಲ್ಲಿ ದಿಬ್ಬದಹಾಳಕ್ಕೆ ಮತ್ತೆ ಹೋಗಿ ಕಟ್ಟೆಯ ಮೇಲೆ ಊರವರನ್ನೆಲ್ಲ ಕೂರಿಸಿ ಇದನ್ನು ಬಿಡಿಸಿ ಹೇಳಿದೆ. ಇನ್ನು ಎಷ್ಟು ಬೇಕಾದರೂ ಬಡಿಯಿರಿ, ಬೋಟಿಗೂ ರೊಟ್ಟಿಗೂ ಸಂಬಂಧವಿಲ್ಲ ಎಂದೆ. ಗಂಡಸರು ತಲೆಯಾಡಿಸಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಶವ್ವ ಬಂದಿರಲಿಲ್ಲ.

ಮುಂದಿನ ಶ್ರಾವಣದಲ್ಲಿ ಹೊಳೆ ಮತ್ತೆ ಬಂತು. ಮಳಲವಾಡ ಮತ್ತೆ ಶಾಲೆಯ ಮಾಳಿಗೆ ಹತ್ತಿತು. ನಾನು ಅದೇ ಕುರ್ಚಿಯಲ್ಲಿ ಕೂತು ದಿಬ್ಬದಹಾಳದ ಗೆರೆ ನೋಡುತ್ತಿದ್ದೆ. ಅದು ಸಪಾಟಾಗಿತ್ತು. ಹೆಜ್ಜೆಗಳಿದ್ದವು, ದನಗಳಿದ್ದವು, ರೊಟ್ಟಿಯ ಬಡಿತ ಒಂದೂ ಇರಲಿಲ್ಲ. ಬೆಳಿಗ್ಗೆ ಇಲ್ಲ, ಮಧ್ಯಾಹ್ನವೂ ಇಲ್ಲ. ತೊಂಬತ್ತು ಮನೆ, ಒಂದೂ ಒಲೆಯಿಲ್ಲ! ಹಿಟ್ಟು ನೆನೆಯಿತೋ, ದಿಬ್ಬವೇ ಕುಸಿಯಿತೋ, ಯಾರಿಗೆ ಏನಾಯಿತೋ ಎಂದು ವಾಕಿಟಾಕಿ ಎತ್ತಿಕೊಂಡೆ. ಯಂತ್ರದ ಪಟ್ಟಿಯಲ್ಲಿ ಆ ಊರು ಇಪ್ಪತ್ತಾರನೆಯದು. ಅಂಕ ಬದಿಗಿಟ್ಟು, "ಯಂಕಪ್ಪ, ಮೊದಲ ದಿಬ್ಬದಹಾಳಕ್ಕ ನಡಿ, ನಾನೂ ಬರ್ತೀನಿ" ಎಂದೆ.

ದಂಡೆಯಲ್ಲಿ ಯಾರೂ ಧೋತರ ಬೀಸುತ್ತಿರಲಿಲ್ಲ. ಡ್ರಮ್ಮಿನ ತೆಪ್ಪ ಗಂಟುಗಳನ್ನು ಹೊತ್ತು ಎದುರಿನ ಶಾಲೆಯ ಕಡೆ ಸಾಗುತ್ತಿತ್ತು. ಊರಿನ ಮೇಲೆ ಹೊಗೆ ಆಡುತ್ತಿತ್ತು. ನನಗೆ ಏನೂ ಅರ್ಥವಾಗಲಿಲ್ಲ. ಕಾಶವ್ವನ ಮನೆಗೆ ಓಡಿದೆ.

ಒಳಗೆ ಹತ್ತು ಜನ ಹೆಂಗಸರು ಸಾಲಾಗಿ ಕೂತಿದ್ದರು. ಒಲೆಗಳು ಉರಿಯುತ್ತಿದ್ದವು, ಹಂಚಿನ ಮೇಲೆ ರೊಟ್ಟಿ ಬೇಯುತ್ತಿತ್ತು. ಪ್ರತಿಯೊಬ್ಬರ ಕಲ್ಲಿನ ಕೆಳಗೂ ನಾಲ್ಕು ಮಡಿಕೆ ಮಡಚಿದ ಕೌದಿ. ಹಳೆಯ ಸೀರೆಗಳನ್ನು ಒಂದರ ಮೇಲೊಂದಿಟ್ಟು ಹೊಲಿದ ದಪ್ಪ ಕೌದಿಗಳು, ಮನೆಮನೆಯ ಹಾಸಿಗೆಯಿಂದ ತೆಗೆದು ತಂದದ್ದು. ಬಡಿಯುತ್ತಿರಲಿಲ್ಲ, ಬೆರಳ ತುದಿಯಿಂದ ಒತ್ತಿ ಒತ್ತಿ ಹಿಗ್ಗಿಸುತ್ತಿದ್ದರು. ಅಂಚು ಹರಿದ ರೊಟ್ಟಿಗಳು, ಒಂದಕ್ಕೆ ಮೂರು ರೊಟ್ಟಿಯ ಹೊತ್ತು. ಯಾರೂ ಮಾತಾಡುತ್ತಿರಲಿಲ್ಲ. ಹಾಡಿಲ್ಲ, ಚೇಷ್ಟೆಯಿಲ್ಲ, ಬೈಗುಳವಿಲ್ಲ. ರೊಟ್ಟಿ ಮಾಡುವ ಮನೆ ಇಷ್ಟು ಮೌನವಾಗಿದ್ದುದನ್ನು ನಾನು ಕಂಡಿರಲಿಲ್ಲ. ನನ್ನನ್ನು ನೋಡಿದ ಕೂಡಲೇ ಒಬ್ಬಳು ಸೆರಗಿನಿಂದ ಕಲ್ಲು ಮುಚ್ಚಿದಳು. ಕದ್ದ ಮಾಲಿನೊಂದಿಗೆ ಸಿಕ್ಕಿಬಿದ್ದವಳ ಹಾಗೆ.

"ಕಾಶವ್ವ, ಇದೇನು? ನಾ ಹೇಳಿದ್ನಲ್ಲ, ಆ ನಿಯಮ ತಗದೀನಿ ಅಂತ! ಯಂತ್ರ ಇದನ್ನ ಈಗ ಎಣಿಸೂದಿಲ್ಲ."

"ಹೇಳಿದ್ರಿ" ಎಂದಳು ಅವಳು ಮೆಲ್ಲಗೆ. "ಆದ್ರ ಯಾರ ನಂಬಬೇಕ್ರಿ? ಆ ಕಡೆಯವ್ರ ಹೊಟ್ಟಿನೂ ತುಂಬಬೇಕು, ಈ ಕಡೆ ಬೋಟೂ ಬರಬೇಕು. ಅದಕ್ಕ ಎಲ್ಲಾರೂ ಕೂಡಿ ಹಿಂಗ ಮಾಡೀವಿ." ಆಮೇಲೆ ಕಿಟಕಿಯಿಂದ ಬೋಟಿನ ಕಡೆ ನೋಡಿ ಕೇಳಿದಳು, "ಈ ಸಲ ನಮ್ಮೂರಿಗೇ ಮೊದಲ ಬಂದ್ರಲ್ಲ ಅಕ್ಕಾರ, ಯಾಕ ಬಂದ್ರಿ?"

ಸಪ್ಪಳ ಕೇಳಲಿಲ್ಲವೆಂದು ಬಂದಿದ್ದೆ. ಯಂತ್ರದಿಂದ ತೆಗೆದ ನಿಯಮ ನನ್ನೊಳಗೆ ಹಾಗೇ ಕೂತಿತ್ತು. ನನ್ನಿಂದಾಗಿ ಪಟ್ಟಿಯಲ್ಲಿ ಮೇಲಿದ್ದ ಊರುಗಳು ಈಗ ಈ ಬೋಟಿಗೆ ಕಾಯುತ್ತಿದ್ದವು. ನನ್ನ ಮಾತಿಗಿಂತ ಈ ಹೆಂಗಸರ ಲೆಕ್ಕವೇ ಖರೆಯಾಗಿತ್ತು.

ಕಾಶವ್ವ ಉತ್ತರಕ್ಕೆ ಕಾಯಲಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಬಂದೀರಿ, ಒಂದ್ ನಾಕ್ ಕೈ ಹಚ್ಚಿ ಹೋಗ್ರಿ. ಇನ್ನೂ ಎರಡು ನೂರು ಆಗಬೇಕು."

ಯಂಕಪ್ಪನಿಗೆ ಬೋಟ್ ತೆಗೆದುಕೊಂಡು ಮುಂದಿನ ಊರಿಗೆ ಹೋಗೆಂದು ಹೇಳಿ ಕಳಿಸಿ, ಕೈ ತೊಳೆದು ಕೂತೆ. ಉಂಡೆ ಮಾಡಿ ಕಲ್ಲಿನ ಮೇಲಿಟ್ಟೆ. ಕಣ್ಣು ಮಂಜಾಗಿದ್ದವು, ಕೈ ತನ್ನ ಹಳೆಯ ರೂಢಿಯಂತೆ ಎದ್ದು ಹಿಟ್ಟಿನ ಮೇಲೆ ಡಬ್ಬೆಂದು ಬಿತ್ತು.

ಹತ್ತೂ ಜನ ಒಟ್ಟಿಗೆ ಬೆಚ್ಚಿ, ಬಾಗಿಲಾಚೆಯ ಗೂಟದ ಕಡೆ ನೋಡಿದರು.